ಒಡ್ಡು ಒಡೆದ ಮೇಲೆ: ಮಣ್ಣಿನ ಸಂರಕ್ಷಣೆಯ ಪಾಠಕ್ಕೆ ಹಣದ ಲೆಕ್ಕ ಸೇರಿಸಿದ ಅನುಭವ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ನಾನು ಒಂದೇ ಘಟಕವನ್ನು ಎರಡು ಶಾಲೆಗಳಲ್ಲಿ ಪಾಠ ಮಾಡಿದೆ. ಮೊದಲ ಪಾಠ 2024ರ ನವೆಂಬರ್‌ನಲ್ಲಿ, ರಾಣೇಬೆನ್ನೂರು ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಡೆಯಿತು. ಎರಡನೆಯದು ಮರುತಿಂಗಳು ಬ್ಯಾಡಗಿ ತಾಲೂಕಿನ ಇನ್ನೊಂದು ಶಾಲೆಯಲ್ಲಿ. ಇವೆರಡರ ನಡುವೆ ಹಾವೇರಿಯ ನಮ್ಮ ಕಾಲೇಜಿನಲ್ಲಿ ಪಾಠದ ವಿಮರ್ಶೆ ಆಯಿತು. ತರಗತಿ 9, ವಿಷಯ ಸಮಾಜ ವಿಜ್ಞಾನ. ಪಾಠಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ಘಟಕದ ಹೆಸರು 'ನಮ್ಮ ರಾಜ್ಯದ ಮಣ್ಣು ಮತ್ತು ಅದರ ಸಂರಕ್ಷಣೆ'.

ಮೊದಲ ಪಾಠಕ್ಕೆ ವೀಕ್ಷಣಾ ನಮೂನೆಯಲ್ಲಿ ಒಳ್ಳೆಯ ಅಂಕಗಳು ಬಂದವು. ಆದರೂ ಆ ಪಾಠ ಸೋತಿತೆಂದು ನನಗೆ ಅಲ್ಲಿಯೇ ಗೊತ್ತಾಗಿತ್ತು. ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಗೆ ನಾನು ಸುಳ್ಳು ಉತ್ತರ ಕೊಟ್ಟಿದ್ದೆ. ಆ ಸುಳ್ಳನ್ನು ಸರಿಪಡಿಸಲು ಹೊರಟಾಗ ನಾನು ತಿಳಿದುಕೊಂಡದ್ದನ್ನೂ, ಪಾಠವನ್ನು ಹೇಗೆ ಬದಲಿಸಿದೆ ಎಂಬುದನ್ನೂ ಈ ಲೇಖನದಲ್ಲಿ ಬರೆದಿದ್ದೇನೆ.

ಮೊದಲ ಪಾಠ: ರಾಣೇಬೆನ್ನೂರು

ಪಾಠಯೋಜನೆ ಅಚ್ಚುಕಟ್ಟಾಗಿತ್ತು. ಪ್ರೇರಣೆಗೆ ಎರಡು ತಟ್ಟೆಗಳಲ್ಲಿ ಮಣ್ಣು ತಂದಿದ್ದೆ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಹುಲ್ಲು ನೆಟ್ಟ ಮಣ್ಣು. ಎರಡನ್ನೂ ಓರೆಯಾಗಿಟ್ಟು ನೀರು ಸುರಿದಾಗ ಮಕ್ಕಳು ಎದ್ದು ನಿಂತು ನೋಡಿದರು. ಅಲ್ಲಿಂದ ಮಣ್ಣಿನ ಸವೆತ, ಅದರ ಕಾರಣಗಳು, ನಂತರ ಸಂರಕ್ಷಣೆಯ ವಿಧಾನಗಳು. ಕಪ್ಪುಹಲಗೆಯ ಮೇಲೆ ಸಮಪಾತಳಿ ಬದು, ಮೆಟ್ಟಿಲು ಬೇಸಾಯ, ಚೆಕ್ ಡ್ಯಾಂ, ಕೃಷಿ ಹೊಂಡ, ಅರಣ್ಯೀಕರಣ ಎಂದು ಐದು ಅಂಶಗಳನ್ನು ಬರೆದೆ. ಮಕ್ಕಳು ಬರೆದುಕೊಂಡರು. ಮೌಲ್ಯಮಾಪನದಲ್ಲಿ ಕೇಳಿದ ಐದೂ ಪ್ರಶ್ನೆಗಳಿಗೆ ಉತ್ತರ ಬಂತು.

'ಬದು' ಎಂಬ ಪದದ ಹತ್ತಿರ ಒಂದು ಚಿಕ್ಕ ಗೊಂದಲ ಆಗಿತ್ತು. ಅದು ಪುಸ್ತಕದ ಪದ. ಹಿಂದಿನ ಸಾಲಿನ ಹುಡುಗನೊಬ್ಬ, "ಒಡ್ಡು ಅಂದ್ರೇನ್ರಿ ಸರ್?" ಎಂದು ಕೇಳಿದ. ಹೌದು ಎಂದೆ. ಆಗ ತರಗತಿ ಸಡಿಲವಾಯಿತು. ಒಡ್ಡು ಎಲ್ಲರಿಗೂ ಗೊತ್ತು. ನಮ್ಮೂರ ಒಡ್ಡು, ನಮ್ಮ ಕಾಕಾನ ಹೊಲದ ಒಡ್ಡು ಎಂದು ಮಾತು ಶುರುವಾಯಿತು. ಸಮಯ ಮೀರುತ್ತದೆಂದು ನಾನು ಮಾತನ್ನು ತಡೆದೆ. ಆಗ ಮೂರನೇ ಸಾಲಿನ ಹುಡುಗಿ ಕೈ ಎತ್ತಿದಳು.

"ಸರ್, ಒಡ್ಡು ಹಾಕಾಕ ಸರಕಾರ ರೊಕ್ಕ ಕೊಡತೈತಿ ಅಂದ್ರಿ. ಒಡದ ಮ್ಯಾಲ ಯಾರು ಕೊಡತಾರ್ರಿ?"

"ರೈತರೇ ಸರಿ ಮಾಡಿಕೊಳ್ಳಬೇಕು," ಎಂದೆ.

"ನಿಮ್ಮ ಹೊಲದಾಗಿನ ಒಡ್ಡು ಹಂಗ ಅದಾವೇನ್ರಿ?"

"ಅದಾವ," ಎಂದೆ.

ಇಲ್ಲ. ನಮ್ಮ ಹೊಲದ ಒಡ್ಡುಗಳ ಮೇಲೆ ಅಪ್ಪ ರಂಟೆ ಹೊಡೆದು ವರ್ಷಗಳಾಗಿವೆ. ಗಂಟೆ ಬಾರಿಸಿತು, ಗೃಹಪಾಠ ಕೊಟ್ಟು ಹೊರಬಂದೆ.

ವಿಮರ್ಶೆ: ಹಾವೇರಿ

ಕಾಲೇಜಿನ ವಿಮರ್ಶಾ ಸಭೆಯಲ್ಲಿ ಸಹಪಾಠಿಗಳು ತಟ್ಟೆಯ ಪ್ರಯೋಗವನ್ನು ಮೆಚ್ಚಿದರು. ನಮ್ಮ ವಿಧಾನ ಉಪನ್ಯಾಸಕರು ಮಾತ್ರ ಒಂದು ಮಾತು ಕೇಳಿದರು: "ಆ ಹುಡುಗಿಯ ಪ್ರಶ್ನೆಗೆ ನಿಮ್ಮ ಪಾಠಯೋಜನೆಯಲ್ಲಿ ಜಾಗ ಎಲ್ಲಿದೆ?"

ಇರಲಿಲ್ಲ. ನನ್ನ ಉದ್ದೇಶಗಳೆಲ್ಲ ವಿಧಾನಗಳನ್ನು ಹೆಸರಿಸುವುದು, ವಿವರಿಸುವುದು, ಚಿತ್ರ ಬರೆಯುವುದು ಎಂದಿದ್ದವು. ಒಡ್ಡನ್ನು ಹಾಕುವುದು ಪಾಠದೊಳಗೆ ಇತ್ತು, ಉಳಿಸುವುದು ಪಾಠದ ಹೊರಗೆ ಇತ್ತು. ಸಭೆ ಮುಗಿದ ಮೇಲೆ ಉಪನ್ಯಾಸಕರಿಗೆ ನಮ್ಮ ಹೊಲದ ವಿಷಯ ಹೇಳಿದೆ. ಅವರು ಬೈಯಲಿಲ್ಲ. "ಹಾಗಾದರೆ ಆ ಪ್ರಶ್ನೆ ನಿಮ್ಮ ಮನೆಯದೂ ಹೌದು. ಮೊದಲು ನೀವು ಉತ್ತರ ಹುಡುಕಿ, ಆಮೇಲೆ ಬ್ಯಾಡಗಿಯಲ್ಲಿ ಪಾಠ ಮಾಡಿ," ಎಂದರು.

ಪಾಠಕ್ಕೆ ಬೇಕಾದ ವಿಷಯ ಜ್ಞಾನ

ನಾನು ಕಲೆಹಾಕಿದ ವಿಷಯವನ್ನು ಇಲ್ಲಿ ಕೊಡುತ್ತಿದ್ದೇನೆ. ಇದೇ ಘಟಕವನ್ನು ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದು.

ನಮ್ಮ ಭಾಗದಲ್ಲಿ ಒಡ್ಡಿನ ಕೆಲಸ ಹೊಸದಲ್ಲ. ನಾವು ಮುಂಬೈ ಪ್ರಾಂತದಲ್ಲಿದ್ದಾಗಲೇ, 1942ರಲ್ಲಿ, ಭೂಸುಧಾರಣಾ ಯೋಜನೆಗಳ ಕಾಯ್ದೆ ಬಂದಿತ್ತು. ಇಡೀ ರಾಜ್ಯಕ್ಕೆ ಒಂದು ಪ್ರತ್ಯೇಕ ಜಲಾನಯನ ಅಭಿವೃದ್ಧಿ ಇಲಾಖೆ ಆದದ್ದು 2000ರಲ್ಲಿ. ಮರುವರ್ಷ ವಿಶ್ವ ಬ್ಯಾಂಕಿನ ಸಾಲದ ನೆರವಿನಿಂದ ಸುಜಲ ಯೋಜನೆ ಮಂಜೂರಾಯಿತು. ಅದಕ್ಕೆ ಆರಿಸಿದ 5 ಜಿಲ್ಲೆಗಳು ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ ಮತ್ತು ಹಾವೇರಿ. 1997ರಲ್ಲಷ್ಟೇ ಧಾರವಾಡದಿಂದ ಬೇರೆಯಾಗಿದ್ದ ನಮ್ಮ ಜಿಲ್ಲೆಗೆ ಅದು ದೊಡ್ಡ ಯೋಜನೆ. ದಿಬ್ಬದಿಂದ ಹಳ್ಳದ ಕಡೆಗೆ ಕೆಲಸ ಮಾಡುತ್ತ ಬರುವುದು, ಹಳ್ಳಿಯವರದೇ ಸಂಘ ಕಟ್ಟಿ ಕಾಮಗಾರಿ ಆರಿಸುವುದು, ಮಹಿಳಾ ಸ್ವಸಹಾಯ ಸಂಘಗಳನ್ನು ಸೇರಿಸಿಕೊಳ್ಳುವುದು ಅದರ ರೀತಿಯಾಗಿತ್ತು. ನಮ್ಮ ಹೊಲದ ಒಡ್ಡು ಹಾಕಿದ್ದು ಆಗಲೇ. ನಾನು ಅಂಗನವಾಡಿಗೆ ಹೋಗುತ್ತಿದ್ದ ಕಾಲ ಅದು.

ಸಾಲದ ಯೋಜನೆಗೆ ಮುಕ್ತಾಯದ ದಿನಾಂಕ ಇರುತ್ತದೆ. ಸುಜಲ 2009ರಲ್ಲಿ ಮುಗಿಯಿತು. 2012ರ ನಂತರ ವಿಶ್ವ ಬ್ಯಾಂಕಿನ ಹೊಸ ಸಾಲದಿಂದ ಮತ್ತೊಂದು ಸುಜಲ ಬಂತು. ಅದಕ್ಕೆ ಮೊದಲು ಆರಿಸಿದ 7 ಜಿಲ್ಲೆಗಳಲ್ಲಿ ನಮ್ಮ ನೆರೆಯ ಗದಗ, ದಾವಣಗೆರೆ ಇದ್ದವು, ಹಾವೇರಿ ಇರಲಿಲ್ಲ. ಇದರಲ್ಲಿ ಅನ್ಯಾಯ ಹುಡುಕಬೇಕಿಲ್ಲ. ಇರುವ ಹಣವನ್ನು ಇನ್ನೂ ಕೆಲಸವಾಗದ ಕಡೆಗೆ ಒಯ್ಯುವುದು ಸಹಜ. ಆದರೆ ಕೆಲಸವಾದ ಕಡೆ ಹತ್ತು ವರ್ಷದ ಮೇಲೆ ಏನಾಯಿತು ಎಂದು ನೋಡುವ ಹಣ ಯಾವ ಲೆಕ್ಕದಲ್ಲೂ ಉಳಿಯುವುದಿಲ್ಲ.

ಇನ್ನೊಂದು ದಾರಿ ಕೇಂದ್ರದ ಯೋಜನೆ. 2003ರ ಹರಿಯಾಲಿ ಮಾರ್ಗಸೂಚಿಯ ಕಾಲದಲ್ಲಿ ಒಂದು ಹೆಕ್ಟೇರಿಗೆ 6,000 ರೂಪಾಯಿ ಇತ್ತು. 2008ರ ಸಾಮಾನ್ಯ ಮಾರ್ಗಸೂಚಿಯಲ್ಲಿ ಬಯಲು ಪ್ರದೇಶಕ್ಕೆ ಅದು 12,000 ಆಯಿತು. 2021ರಿಂದ 2026ರವರೆಗಿನ ಹಂತದಲ್ಲಿ 22,000 ರೂಪಾಯಿ. ಕೇಳಲು ಏರಿದಂತೆಯೇ ಕಾಣುತ್ತದೆ. ಅದರ ಜೊತೆಗೆ ಪಾಲೂ ಬದಲಾಗಿದೆ. ಮೊದಲು 100 ರೂಪಾಯಿಯಲ್ಲಿ ಕೇಂದ್ರ 90, ರಾಜ್ಯ 10 ಹಾಕಬೇಕಿತ್ತು. 2015ರಲ್ಲಿ ಇದು ಕೃಷಿ ಸಿಂಚಾಯಿ ಯೋಜನೆಯೊಳಗೆ ಸೇರಿದ ಮೇಲೆ ಕೇಂದ್ರದ್ದು 60, ರಾಜ್ಯದ್ದು 40.

ಇದನ್ನು ಹೆಕ್ಟೇರಿನ ಲೆಕ್ಕಕ್ಕೆ ಇಳಿಸಿದರೆ ಹೀಗಾಗುತ್ತದೆ. 12,000ಕ್ಕೆ ಹತ್ತರ ಪಾಲು ಇದ್ದಾಗ ರಾಜ್ಯ ಹಾಕಬೇಕಿದ್ದದ್ದು 1,200 ರೂಪಾಯಿ. ಅದೇ 12,000ಕ್ಕೆ ನಲವತ್ತರ ಪಾಲು ಬಂದಾಗ 4,800. 2021ರ ಹಂತದ 22,000ಕ್ಕೆ 8,800. ಒಂದು ಲಕ್ಷ ಹೆಕ್ಟೇರಿಗೆ ಮೊದಲು 12 ಕೋಟಿ ಎತ್ತಿಡಬೇಕಿದ್ದ ರಾಜ್ಯ ಆ ಹಂತದಲ್ಲಿ 88 ಕೋಟಿ ಎತ್ತಿಡಬೇಕಾಯಿತು. ಈ ಪಾಲು ತಡವಾದರೆ ಕೇಂದ್ರದ ಮುಂದಿನ ಕಂತಿಗೂ ತೊಡಕು. 2008ರ ಮಾರ್ಗಸೂಚಿಯಲ್ಲಿ ಹಣ ಬರುತ್ತಿದ್ದುದು 20, 50, 30ರಂತೆ ಮೂರು ಕಂತುಗಳಲ್ಲಿ. ಹಿಂದಿನ ಕಂತಿನ ಬಹುಪಾಲು ಖರ್ಚಾಗಿ ಅದರ ಲೆಕ್ಕ ಹೋದ ಮೇಲೆಯೇ ಮುಂದಿನದು. ಒಡ್ಡು ಹಾಕುವ ಹದವಾದರೋ ಹೊಲ ಖಾಲಿಯಾದ ಮೇಲೆ, ಮುಂಗಾರು ಬೀಳುವ ಮುಂಚೆ. ಮಾರ್ಚ್ 31ಕ್ಕೆ ಸರಕಾರದ ವರ್ಷ ಮುಗಿಯುತ್ತದೆ, ಅದೇ ಹೊತ್ತಿಗೆ ರೈತನ ಒಡ್ಡಿನ ಕಾಲ ನಡುವಿನಲ್ಲಿರುತ್ತದೆ. ಕಂತು ಜೂನ್ ದಾಟಿ ಬಂದರೆ ಹೊಲದಲ್ಲಿ ಬೆಳೆ ನಿಂತಿರುತ್ತದೆ.

ಇಷ್ಟಾದರೂ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಅದೇ ಮಾರ್ಗಸೂಚಿಯ ಜಲಾನಯನ ಅಭಿವೃದ್ಧಿ ನಿಧಿಯ ಭಾಗದಲ್ಲಿ. ಖಾಸಗಿ ಹೊಲದಲ್ಲಿ ಕೆಲಸವಾದರೆ ರೈತ ಅದರ ವೆಚ್ಚದ ಕನಿಷ್ಠ ಶೇ 10ರಷ್ಟನ್ನು ಈ ನಿಧಿಗೆ ಕೊಡಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಸಣ್ಣ ಮತ್ತು ಅತಿಸಣ್ಣ ರೈತರಾದರೆ ಶೇ 5. ಯೋಜನೆ ಮುಗಿದ ಮೇಲೆ ರಿಪೇರಿಗೆ ಇರುವುದು ಈ ನಿಧಿ. ಅದರಲ್ಲಿ ಅರ್ಧವನ್ನಾದರೂ ಸಾಮೂಹಿಕ ಆಸ್ತಿಗಳ ದುರಸ್ತಿಗೆ ಕಾದಿಡಬೇಕು. ಒಬ್ಬರ ಸ್ವಂತ ಪ್ರಯೋಜನದ ಕೆಲಸವನ್ನು ಈ ನಿಧಿಯಿಂದ ದುರಸ್ತಿ ಮಾಡುವಂತಿಲ್ಲ. ಅಂದರೆ ಹಳ್ಳದ ಚೆಕ್ ಡ್ಯಾಮಿಗೆ ಹಣ ಉಂಟು, ಹೊಲದ ಒಡ್ಡಿಗೆ ಇಲ್ಲ.

"ರೈತರೇ ಸರಿ ಮಾಡಿಕೊಳ್ಳಬೇಕು" ಎಂದು ತರಗತಿಯಲ್ಲಿ ನಾನು ಹೇಳಿದ್ದು ಹಾಗಾದರೆ ನಿಯಮದ ಪ್ರಕಾರ ಸರಿಯೇ ಇತ್ತು. ರೈತರಿಗೆ ಅದು ಏಕೆ ಆಗುತ್ತಿಲ್ಲ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಅದಕ್ಕೆ ಮನೆಗೆ ಹೋದೆ.

ಮನೆಯ ಮಾತು

ಗೋವಿನಜೋಳ ಕಟಾವಾಗಿ ಅಂಗಳದಲ್ಲಿ ರಾಶಿ ಬಿದ್ದಿತ್ತು. ಒಡ್ಡಿನ ಮೇಲೆ ರಂಟೆ ಹೊಡೆದದ್ದು ಯಾಕೆ ಎಂದು ಅಪ್ಪನನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಒಂದು ಸಾಲು ಬೆಳೆ ಹೆಚ್ಚು ಸಿಗಲಿ ಎಂದು ಮಾಡಿದ್ದಾನೆ, ಅಷ್ಟೇ ಎಂದುಕೊಂಡಿದ್ದೆ.

"ಎರಡು ಸರ್ತಿ ಹಾಕೇನಿ," ಎಂದ ಅಪ್ಪ. "ಮದಲನೇ ಸರ್ತಿ ಕೋಡಿ ಕಡೆ ಒಡೀತು. ಆಳ ಹಚ್ಚಿ ಹಾಕಸಿದ್ವಿ. ಮರು ವರ್ಷ ಮ್ಯಾಲಿನ ಹೊಲದ ಒಡ್ಡು ಒಡದು ಅಲ್ಲಿ ನೀರೆಲ್ಲ ನಮ್ಮ ಮ್ಯಾಲ ಬಂತು. ಮತ್ತ ಹಾಕಿದೆ. ಮ್ಯಾಲಿನ ಹೊಲ ಲಾವಣಿಗೆ ಕೊಟ್ಟಾರ. ಲಾವಣಿ ಮಾಡಾಂವ ಎರಡು ವರ್ಷಕ್ಕ ಬಿಟ್ಟು ಹೋಗಾಂವ, ಅವ ಯಾಕ ಒಡ್ಡು ಹಾಕ್ಯಾನು? ನಾ ಒಬ್ಬನ ಹಾಕಿದ್ರ ನಿಲ್ಲತೈತೇನು? ಮೂರನೇ ಸರ್ತಿ ರಂಟಿ ಹೊಡದೆ."

ಅವ್ವ ಒಳಗಿನಿಂದ ಒಂದು ಮಾತು ಸೇರಿಸಿದಳು. ಆಗ ಯೋಜನೆಯವರು ಕಟ್ಟಿದ ಅವಳ ಸಂಘ ಇನ್ನೂ ನಡೆಯುತ್ತಿದೆ. "ನಮ್ಮ ಸಂಘ ಉಳೀತು ಯಾಕಂದ್ರ ವಾರಾ ವಾರಾ ರೊಕ್ಕ ಹಾಕ್ತೀವಿ. ಒಡ್ಡಿಗೆ ಯಾರು ವಾರಾ ರೊಕ್ಕ ಹಾಕ್ಯಾರ?"

ಅವ್ವನ ಈ ಮಾತು ನನ್ನ ಎರಡನೇ ಪಾಠದ ಕೇಂದ್ರವಾಯಿತು. ಅಪ್ಪನ ಮಾತಿನಿಂದ ಇನ್ನೊಂದು ತಿಳಿಯಿತು. ನೀರು ಹೊಲದ ಮಾಲೀಕರನ್ನು ನೋಡಿ ಹರಿಯುವುದಿಲ್ಲ. ಒಡ್ಡು ಲೆಕ್ಕದಲ್ಲಿ ಒಬ್ಬನ ಸ್ವಂತದ್ದು, ಕೆಲಸದಲ್ಲಿ ಮೇಲಿನ ಕೆಳಗಿನ ಹೊಲದವರೆಲ್ಲರದ್ದು. ಮಾರ್ಗಸೂಚಿಯ ಲೆಕ್ಕಕ್ಕೂ ಹೊಲದ ನೀರಿಗೂ ಹೊಂದಿಕೆಯಾಗದ ಜಾಗ ಇದೇ.

ಎರಡನೇ ಪಾಠ: ಬ್ಯಾಡಗಿ

ಮನೆಯಿಂದ ಒಂದು ಚೀಲ ಗೋವಿನಜೋಳದ ಕಾಳು ಒಯ್ದೆ. ತರಗತಿಯಲ್ಲಿ 42 ಮಕ್ಕಳಿದ್ದರು, ಏಳು ಏಳು ಜನರ ಆರು ಗುಂಪು ಮಾಡಿದೆ. ಪ್ರತಿ ಗುಂಪಿಗೂ ಎಣಿಸಿ 100 ಕಾಳು. ಪಾಠದ ಹಂತಗಳು ಹೀಗಿದ್ದವು.

ತೊಡಗಿಸಿಕೊಳ್ಳುವಿಕೆ (8 ನಿಮಿಷ): ಶಾಲೆಯ ಅಂಗಳದ ಮಣ್ಣನ್ನು ದೊಡ್ಡ ತಟ್ಟೆಯಲ್ಲಿ ಓರೆಯಾಗಿ ಹರಡಿ ಒಂದರ ಕೆಳಗೊಂದು ಮೂರು ಒಡ್ಡು ಕಟ್ಟಿಸಿದೆ. ಪಾಠದಲ್ಲಿ ಮೊದಲಿನಿಂದಲೂ 'ಒಡ್ಡು' ಎಂದೇ ಹೇಳಿ, ಪುಸ್ತಕದಲ್ಲಿ ಇದಕ್ಕೆ 'ಬದು' ಎನ್ನುತ್ತಾರೆ ಎಂದು ಸೇರಿಸಿದೆ. ಮೇಲಿನಿಂದ ನಿಧಾನವಾಗಿ ನೀರು ಬಿಟ್ಟಾಗ ಮೂರೂ ನಿಂತವು. ಆಮೇಲೆ ಮೇಲಿನ ಒಡ್ಡಿನಲ್ಲಿ ಬೆರಳಿನಿಂದ ಒಂದು ಬಿರುಕು ಮಾಡಿ ಮತ್ತೆ ನೀರು ಬಿಟ್ಟೆ. ಎರಡನೆಯದೂ ಮೂರನೆಯದೂ ಕೊಚ್ಚಿಹೋದವು. "ಕೆಳಗಿನವ್ರದು ತಪ್ಪಿಲ್ಲದನ ಹೋತು," ಎಂದು ಒಬ್ಬ ಹುಡುಗ ಹೇಳಿದ. ಅದನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

ಪರಿಶೋಧನೆ (12 ನಿಮಿಷ): "ಈ 100 ಕಾಳು 100 ರೂಪಾಯಿ ಅಂದುಕೊಳ್ಳಿ. ನಿಮ್ಮೂರಿನ ಮಣ್ಣು ಉಳಿಸಲು ಕೊಟ್ಟಿದ್ದು. ಯಾವ ಯಾವ ಕೆಲಸಕ್ಕೆ ಎಷ್ಟೆಷ್ಟು ಇಡುತ್ತೀರಿ?" ಎಂದು ಕೇಳಿದೆ. ಗುಂಪುಗಳು ಹೆಚ್ಚಿನ ಕಾಳನ್ನು ಒಡ್ಡಿಗೂ ಹೊಂಡಕ್ಕೂ ಸುರಿದವು. ನಂತರ 2008ರ ಮಾರ್ಗಸೂಚಿಯ ಮೂಲ ಹಂಚಿಕೆಯ ಚಾರ್ಟು ತೂಗುಹಾಕಿ ಅದರಂತೆ ರಾಶಿ ಮಾಡಲು ಹೇಳಿದೆ. ಈ ಹಂಚಿಕೆ ಆಮೇಲೆ ಸ್ವಲ್ಪ ಬದಲಾಗಿದೆ ಎಂಬುದನ್ನೂ ತಿಳಿಸಿದೆ.

ಆಡಳಿತ ವೆಚ್ಚ 10
ಉಸ್ತುವಾರಿ 1
ಮೌಲ್ಯಮಾಪನ 1
ಊರಿಗೆ ಮೊದಲು ಮಾಡಿಕೊಡುವ ಪ್ರವೇಶ ಕೆಲಸ 4
ಸಂಘ ಕಟ್ಟುವುದು ಮತ್ತು ತರಬೇತಿ 5
ವಿವರ ಯೋಜನಾ ವರದಿ 1
ಒಡ್ಡು, ಚೆಕ್ ಡ್ಯಾಂ ಮೊದಲಾದ ಕಾಮಗಾರಿ 50
ಆಸ್ತಿ ಇಲ್ಲದವರ ಜೀವನೋಪಾಯ 10
ಬೆಳೆ, ಉತ್ಪಾದನೆ ಮತ್ತು ಕಿರು ಉದ್ಯಮ 13
ಕೊನೆಯ ಬಲವರ್ಧನೆ ಹಂತ 5

ಇಲ್ಲಿ ಒಂದು ತಿರುವು ಬಂತು. ಆಡಳಿತದ 10 ಕಾಳಿನ ರಾಶಿ ನೋಡಿ ಒಂದು ಗುಂಪು ನಕ್ಕಿತು. "ಇದು ಆಫೀಸಿನವ್ರಿಗೆ ಹೋತು!" ನಗು ಇಡೀ ತರಗತಿಗೆ ಹಬ್ಬಿತು. ನಾನೂ ನಕ್ಕು ಸುಮ್ಮನಾಗಬಹುದಿತ್ತು. ಅದರ ಬದಲು ಆ ರಾಶಿಯನ್ನು ತೆಗೆದುಬಿಟ್ಟು, "ಈಗ ಓರೆ ಎಷ್ಟಿದೆ ಎಂದು ಅಳೆಯುವವರು ಯಾರು? ಕೂಲಿ ಲೆಕ್ಕ ಬರೆಯುವವರು ಯಾರು?" ಎಂದು ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು ಹುಡುಗಿ ಕಾಳುಗಳನ್ನು ತಾನೇ ವಾಪಸು ಇಟ್ಟಳು. ಹಣದ ಪಾಠದಲ್ಲಿ ಈ ನಗು ಬಂದೇ ಬರುತ್ತದೆ. ಅದನ್ನು ತಡೆಯಬೇಕಿಲ್ಲ, ಅಲ್ಲಿಗೇ ಬಿಡಲೂ ಬಾರದು.

ವಿವರಣೆ (12 ನಿಮಿಷ): ನಂತರ ಕೇಳಿದೆ: "ಯೋಜನೆ ಮುಗಿಯಿತು. ಹತ್ತು ವರ್ಷ ಆಯಿತು. ಒಡ್ಡು ಒಡೆಯಿತು. ಯಾವ ರಾಶಿಯಿಂದ ಕಾಳು ತೆಗೆಯುತ್ತೀರಿ?" ಮಕ್ಕಳು ಚಾರ್ಟು ನೋಡಿದರು, ರಾಶಿ ನೋಡಿದರು. ಕೊನೆಯ 5ರಿಂದ ಎಂದರು ಕೆಲವರು. ಅದು ಯೋಜನೆ ಮುಗಿಯುವ ಹಂತದ ಕೆಲಸಗಳಿಗೆ, ಯೋಜನೆಯ ಜೊತೆಗೇ ಖರ್ಚಾಗುತ್ತದೆ ಎಂದೆ. "ಹಂಗಾರ ಇಲ್ರಿ," ಎಂದರು.

ಆಗ ಜಲಾನಯನ ಅಭಿವೃದ್ಧಿ ನಿಧಿಯ ವಿಷಯ ಹೇಳಿ ಎಲ್ಲರೂ ಸೇರಿ ಲೆಕ್ಕ ಮಾಡಿದೆವು. ತಿಳಿಯಲು ಸುಲಭವಾಗಲೆಂದು ಎಲ್ಲವೂ ಖಾಸಗಿ ಹೊಲದ ಕೆಲಸ, ಬಡ್ಡಿ ಇಲ್ಲ ಎಂದಿಟ್ಟುಕೊಂಡೆವು.

500 ಹೆಕ್ಟೇರಿನ ಒಂದು ಕಿರು ಜಲಾನಯನ. ಹೆಕ್ಟೇರಿಗೆ 12,000ದಂತೆ ಒಟ್ಟು 60 ಲಕ್ಷ ರೂಪಾಯಿ. ಅದರಲ್ಲಿ ಕಾಮಗಾರಿಗೆ ಅರ್ಧ, 30 ಲಕ್ಷ. ರೈತರ ವಂತಿಗೆ ಶೇ 10 ಆದರೆ 3 ಲಕ್ಷ, ಶೇ 5 ಆದರೆ ಒಂದೂವರೆ ಲಕ್ಷ. ಇದನ್ನು ಹತ್ತು ವರ್ಷಕ್ಕೂ 500 ಹೆಕ್ಟೇರಿಗೂ ಹಂಚಿದರೆ ಒಂದು ಹೆಕ್ಟೇರಿಗೆ ಒಂದು ವರ್ಷಕ್ಕೆ 60 ರೂಪಾಯಿ ಅಥವಾ 30 ರೂಪಾಯಿ. ಎಕರೆಗೆ 24 ಅಥವಾ 12.

ಎಕರೆಯ ಉತ್ತರವನ್ನು ಕಪ್ಪುಹಲಗೆಗೆ ಬಂದು ಬರೆದ ಹುಡುಗ ಸೀಮೆಸುಣ್ಣ ಹಿಡಿದು ಹಾಗೇ ನಿಂತ. "ತಪ್ಪಾತೇನ್ರಿ ಸರ್?" ಎಂದ. ತಪ್ಪಿಲ್ಲ ಎಂದೆ. ಪಕ್ಕದಲ್ಲಿ ಉದ್ಯೋಗ ಖಾತ್ರಿಯ ಒಂದು ದಿನದ ಕೂಲಿ ಬರೆದೆ. 2024-25ರಲ್ಲಿ ಕರ್ನಾಟಕದಲ್ಲಿ ಅದು 349 ರೂಪಾಯಿ. "ಒಂದು ಆಳಿನ ಒಂದು ದಿನಾನೂ ಆಗಂಗಿಲ್ಲ," ಎಂದು ಅವನೇ ಹೇಳಿದ. ಅದೂ ಆ ಹಣ ಹೊಲದ ಒಡ್ಡಿಗೆ ಅಲ್ಲ, ಸಾಮೂಹಿಕ ಕೆಲಸಗಳಿಗೆ ಎಂದು ತಿಳಿಸಿದೆ.

ಇದಾದ ಮೇಲೆ ನಮ್ಮ ಹೊಲದ ಕಥೆ ಹೇಳಿದೆ. ಮೊದಲ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ್ದು, ನಾನು 'ಅದಾವ' ಎಂದದ್ದು, ಅದು ಸುಳ್ಳು ಎಂಬುದು, ಅಪ್ಪ ಮೂರನೇ ಸಲ ರಂಟೆ ಹೊಡೆದದ್ದು. ತರಗತಿ ಸುಮ್ಮನಾಯಿತು. ಆಮೇಲೆ ಒಂದೊಂದೇ ಕೈ ಮೇಲೆ ಬಂದವು. "ನಮ್ಮಪ್ಪನೂ ಕೆಡಿಸ್ಯಾನ್ರಿ, ಟ್ರ್ಯಾಕ್ಟರ್ ಹೊಳ್ಳಸಾಕ ಬರಂಗಿಲ್ಲಂತ." "ನಮ್ಮದು ಲಾವಣಿ ಹೊಲ ಐತ್ರಿ." "ನಮ್ಮ ಮಸಾರಿ ಹೊಲದಾಗ ಒಡ್ಡು ಅದಾವ್ರಿ, ಎರಿ ಹೊಲದಾಗ ಇಲ್ರಿ." ಮೊದಲ ಪಾಠದಲ್ಲಿ ಸಮಯವಿಲ್ಲವೆಂದು ನಾನು ತಡೆದಿದ್ದ ಮಾತು ಇದೇ.

ವಿಸ್ತರಣೆ (6 ನಿಮಿಷ): ಇನ್ನು ದಾರಿ ಏನು ಎಂಬ ಚರ್ಚೆ. ಉದ್ಯೋಗ ಖಾತ್ರಿಯಲ್ಲಿ ಅರ್ಹ ಕುಟುಂಬಗಳ ಹೊಲದಲ್ಲಿ ಬದು, ಕೃಷಿ ಹೊಂಡ ಮಾಡಿಸಬಹುದು, ಅದಕ್ಕೆ ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಹೆಸರು ಬರಬೇಕು, ಗ್ರಾಮ ಸಭೆಯಲ್ಲಿ ಕೇಳಬೇಕು ಎಂದು ವಿವರಿಸಿದೆ. ಒಬ್ಬರ ಹೊಲದ ಹೆಸರು ಕೊಡುವುದಕ್ಕಿಂತ ಮೇಲಿನ ಹೊಲ, ಕೆಳಗಿನ ಹೊಲದವರು ಸೇರಿ ಕೊಟ್ಟರೆ ಏನು ಲಾಭ ಎಂದು ಕೇಳಿದಾಗ ಉತ್ತರಿಸಲು ಮಕ್ಕಳು ತಟ್ಟೆಯನ್ನೇ ತೋರಿಸಿದರು.

ಮೌಲ್ಯಮಾಪನಕ್ಕೆ ಎರಡೇ ನಿಮಿಷ ಉಳಿದಿತ್ತು. ಈ ದೋಷ ನನ್ನದು. ಮೌಖಿಕ ಪ್ರಶ್ನೆಗಳನ್ನು ಬಿಟ್ಟು ಗೃಹಪಾಠ ಮಾತ್ರ ಕೊಟ್ಟೆ: "ನಿಮಗೆ ಮತ್ತೆ 100 ಕಾಳು ಕೊಟ್ಟರೆ ಈಗ ಹೇಗೆ ಹಂಚುತ್ತೀರಿ? ಕಾರಣ ಬರೆಯಿರಿ. ಮನೆಯಲ್ಲಿ ಹಿರಿಯರನ್ನು ಕೇಳಿ ಬರೆಯಬಹುದು."

ಮಕ್ಕಳು ಬರೆದದ್ದು

ಬಹಳಷ್ಟು ಮಕ್ಕಳು ಹೊಸದೊಂದು ರಾಶಿ ಸೇರಿಸಿದ್ದರು. ಅದಕ್ಕೆ ಅವರೇ ಇಟ್ಟ ಹೆಸರುಗಳು: 'ಒಡೆದರೆ', 'ಮುಂದಿನ ವರ್ಷದ್ದು', 'ಕಾಯುವ ರೊಕ್ಕ'. ಆ ರಾಶಿಗೆ ಕಾಳನ್ನು ಎಲ್ಲಿಂದ ತಂದರು ಎಂಬುದು ನನಗೆ ಮುಖ್ಯವಾಗಿತ್ತು. ಕೆಲವರು ಕಾಮಗಾರಿಯ 50ರಿಂದಲೇ ತೆಗೆದಿದ್ದರು. ಒಬ್ಬಳು ಕಾರಣವನ್ನೂ ಬರೆದಿದ್ದಳು: ಹತ್ತು ಒಡ್ಡು ಹಾಕಿ ಹತ್ತೂ ಒಡೆಯುವುದಕ್ಕಿಂತ ಎಂಟು ಹಾಕಿ ಎಂಟನ್ನೂ ಉಳಿಸಬೇಕು. ಇನ್ನೊಬ್ಬ ಹುಡುಗ ಅದನ್ನು ಒಪ್ಪುತ್ತಿರಲಿಲ್ಲ. ಅವನ ಅಜ್ಜ ಹೇಳಿದ್ದನ್ನು ಬರೆದಿದ್ದ: ಎಂಟು ಹಾಕಿದರೆ ಉಳಿದ ಇಬ್ಬರು ರೈತರು ಸುಮ್ಮನಿರುತ್ತಾರೆಯೇ? ಮೊದಲು ಎಲ್ಲರಿಗೂ ಹಾಕಬೇಕು.

ಈ ಎರಡು ಉತ್ತರಗಳನ್ನು ಮರುದಿನ ತರಗತಿಯಲ್ಲಿ ಓದಿದೆ. ಯಾವುದು ಸರಿ ಎಂದು ಹೇಳಲಿಲ್ಲ. ಇಡೀ ರಾಜ್ಯದ ಕಾರ್ಯಕ್ರಮದ ಮುಂದೆಯೂ ಇರುವ ಪ್ರಶ್ನೆ ಇದೇ: ಹೊಸ ಜಾಗಕ್ಕೆ ಹೋಗುವುದೋ, ಹಳೆಯದನ್ನು ಉಳಿಸುವುದೋ? ಅದೇ ಹಣದಲ್ಲಿ ಎರಡೂ ಆಗುವುದಿಲ್ಲ. 9ನೇ ತರಗತಿಯ ಮಕ್ಕಳು ಕಾಳು ಎಣಿಸುತ್ತ ಆ ಪ್ರಶ್ನೆಯ ಹತ್ತಿರ ಬಂದಿದ್ದರು.

ಆತ್ಮಾವಲೋಕನ ಮತ್ತು ಸಲಹೆ

ಎರಡು ಪಾಠಗಳನ್ನು ಹೋಲಿಸಿದಾಗ ನನಗೆ ಕಂಡದ್ದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದೆ ಇಡುತ್ತೇನೆ.

1. ಮಕ್ಕಳ ಮನೆಯ ಪದದಿಂದ ಶುರುಮಾಡಿ. 'ಬದು' ಎಂದಾಗ ಮಕ್ಕಳು ಬರೆದುಕೊಂಡರು. 'ಒಡ್ಡು' ಎಂದಾಗ ಮಾತನಾಡಿದರು. ಪರೀಕ್ಷೆಗೆ ಪುಸ್ತಕದ ಪದವೂ ಬೇಕು, ಅದು ಎರಡನೆಯದಾಗಿ ಬರಲಿ.

2. ಸಂರಕ್ಷಣೆಯ ಯಾವ ಪಾಠವಾದರೂ ಅದರಲ್ಲಿ 'ಆಮೇಲೆ ಯಾರು?' ಎಂಬ ಪ್ರಶ್ನೆಗೆ ಜಾಗ ಬಿಡಿ. ಕೆರೆ, ಅರಣ್ಯ, ಶೌಚಾಲಯ, ಶಾಲೆಯ ಕೈತೋಟ, ಎಲ್ಲದರಲ್ಲೂ ಕಟ್ಟುವ ಹಣ ಒಂದು, ಕಾಯುವ ಹಣ ಇನ್ನೊಂದು.

3. ಹಣದ ಲೆಕ್ಕವನ್ನು ಶೇಕಡಾವಾರು ಎಂದು ಬರೆದು ತೋರಿಸಿದರೆ ಮಕ್ಕಳಿಗೆ ಅದು ಗಣಿತದ ತರಗತಿ. ಕೈಯಲ್ಲಿ ಕಾಳು ಕೊಟ್ಟರೆ ಒಂದು ರಾಶಿಗೆ ಹಾಕಿದ್ದು ಇನ್ನೊಂದು ರಾಶಿಯಿಂದ ಕಡಿಮೆಯಾಗುವುದು ಕಣ್ಣಿಗೆ ಕಾಣುತ್ತದೆ.

4. ದೂರು ಹೇಳಿಸುವ ಪಾಠ ಆಗದಂತೆ ನೋಡಿಕೊಳ್ಳಿ. ಮೊದಲ ತಯಾರಿಯಲ್ಲಿ ನಾನು ತಪ್ಪನ್ನು ರೈತನ ಮೇಲೆ ಹಾಕಿದ್ದೆ. ಮಾರ್ಗಸೂಚಿ ಓದಿದ ಮೇಲೆ ಸರಕಾರದ ಮೇಲೆ ಹಾಕುವ ಮನಸ್ಸಾಯಿತು. ಲೆಕ್ಕ ಮಾಡಿದಾಗ ಎರಡೂ ಸಾಲವು ಎಂದು ತಿಳಿಯಿತು. ಮಕ್ಕಳಿಗೆ ಲೆಕ್ಕ ಕೊಟ್ಟರೆ ತೀರ್ಮಾನ ಅವರೇ ಮಾಡುತ್ತಾರೆ.

5. ಈ ಪಾಠಕ್ಕೆ ಎರಡು ಅವಧಿ ಬೇಕು. ತಟ್ಟೆ ಮತ್ತು ಕಾಳು ಮೊದಲ ಅವಧಿಗೆ, ನಿಧಿಯ ಲೆಕ್ಕ ಮತ್ತು ಗ್ರಾಮ ಸಭೆ ಎರಡನೆಯದಕ್ಕೆ.

ನಮ್ಮ ಉಪನ್ಯಾಸಕರು ಇನ್ನೊಂದು ಸಲಹೆ ಕೊಟ್ಟರು. ಮೊದಲ ಶಾಲೆಗೆ ಮತ್ತೆ ಹೋಗಿ ಆ ವಿದ್ಯಾರ್ಥಿನಿಗೆ ಸರಿಯಾದ ಉತ್ತರ ಹೇಳಿ ಬರಬೇಕು, ಅದೂ ಬೋಧನಾಭ್ಯಾಸದ ಭಾಗವೇ ಎಂದರು. ಜನವರಿಯಲ್ಲಿ ಹೋದೆ. ಅಲ್ಲಿನ ಶಿಕ್ಷಕರು ಹತ್ತು ನಿಮಿಷ ಬಿಟ್ಟುಕೊಟ್ಟರು. ನಮ್ಮ ಹೊಲದಲ್ಲಿ ಒಡ್ಡು ಇಲ್ಲ, ಅವತ್ತು ನಾನು ಹೇಳಿದ್ದು ತಪ್ಪು ಎಂದು ಹೇಳಿ ಎಕರೆಗೆ 12 ರೂಪಾಯಿಯ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಿದೆ. ಆ ಹುಡುಗಿ ಲೆಕ್ಕವನ್ನು ಬರೆದುಕೊಂಡು ಕೇಳಿದಳು: "ಹಂಗಾರ ಈಗ ನಿಮ್ಮಪ್ಪಾರು ಏನ್ ಮಾಡತಾರ್ರಿ?"

ಮೇಲಿನ ಹೊಲದ ಮಾಲೀಕರ ಹತ್ತಿರ ಅಪ್ಪ ಒಂದು ಸಲ ಮಾತಾಡಿದ್ದಾನೆ, ಅವರು ಇನ್ನೂ ಹ್ಞೂಂ ಅಂದಿಲ್ಲ ಎಂದೆ. ಈ ಸಲ ಹೇಳಿದ್ದು ನಿಜ. ನನ್ನ ಪಾಠಯೋಜನೆಯ ಉದ್ದೇಶಗಳಲ್ಲಿ ಈಗ ಒಂದು ಸಾಲು ಹೆಚ್ಚಾಗಿದೆ: 'ವಿದ್ಯಾರ್ಥಿಯು ಸಂರಕ್ಷಣೆಯ ಒಂದು ಕೆಲಸಕ್ಕೆ ಕಟ್ಟುವ ವೆಚ್ಚವನ್ನೂ ಉಳಿಸುವ ವೆಚ್ಚವನ್ನೂ ಬೇರೆ ಬೇರೆಯಾಗಿ ಲೆಕ್ಕ ಮಾಡುವನು.'